ಒಂದೇ ಸಲ ಕೇಳಿದ ಮಾತು

ಭೀಮಾ ನದಿಯ ಸೀಮೆಯಲ್ಲಿರುವ ಹಲಸಂಗಿ ಸಣ್ಣ ಊರು. ಆದರೆ ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಅದರ ಹೆಸರು ಸಣ್ಣದಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಮೊದಲಾದ ಹಲಸಂಗಿ ಗೆಳೆಯರ ಬಳಗವು ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ತ್ರಿಪದಿಗಳನ್ನು ಸಂಗ್ರಹಿಸಿತು. 1931ರಲ್ಲಿ ಅವು ‘ಗರತಿಯ ಹಾಡು’ ಎಂಬ ಹೆಸರಿನಿಂದ ಅಚ್ಚಾದವು. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಾಯಿಂದ ಬಾಯಿಗೆ ಇಳಿದುಬಂದಿದ್ದ ಸಂಪತ್ತು ಕಾಗದದ ಮೇಲೆ ನೆಲೆಗೊಂಡಿತು.

ಹಾಡು ಸಂಗ್ರಹಿಸಲು ಹೊರಟವರನ್ನು ಒಂದು ಪ್ರಶ್ನೆ ಕಾಡದೆ ಇರದು: ಇನ್ನೂ ಕೇಳದಿರುವ ಹಾಡುಗಳೆಷ್ಟು? ಕಿವಿಗೆ ಬೀಳದಿರುವುದನ್ನು ಎಣಿಸುವ ಬಗೆಯಾದರೂ ಹೇಗೆ? ಈ ಪ್ರಶ್ನೆಯೇ ಇಂದು ಚಾಟ್‌ಜಿಪಿಟಿಯಂತಹ ಮಾತನಾಡುವ ಯಂತ್ರಗಳ ಸಿದ್ಧಾಂತದಲ್ಲಿಯೂ ಮುಖ್ಯವಾಗಿ ಎದ್ದು ನಿಂತಿದೆ.

ಮುಂದಿನ ಮಾತಿನ ಊಹೆ

ವಿದ್ವಾಂಸರು ಈ ಯಂತ್ರಗಳ ಹಿಂದಿರುವ ಗಣಿತವನ್ನು ಬೃಹತ್ ಭಾಷಾ ಮಾದರಿ ಎಂದು ಕರೆಯುತ್ತಾರೆ. ಇಷ್ಟು ಮಾತು ಬಂದ ಮೇಲೆ ಮುಂದಿನ ಮಾತು ಯಾವುದಿದ್ದೀತೆಂದು ಊಹಿಸುವುದೇ ಅದರ ಮೂಲ ಕಸುಬು. ವಿಚಾರ ಹಳೆಯದು. 1913ರಲ್ಲಿ ರಷ್ಯದ ಗಣಿತಜ್ಞ ಮಾರ್ಕೋವ್ ಪುಷ್ಕಿನ್ ಕವಿಯ ಕಾವ್ಯವೊಂದರ 20,000 ಅಕ್ಷರಗಳನ್ನು ಎಣಿಸಿ, ಸ್ವರದ ಬಳಿಕ ಸ್ವರ ಬರುವ ಸಂಭವವೆಷ್ಟು, ವ್ಯಂಜನ ಬರುವ ಸಂಭವವೆಷ್ಟು ಎಂದು ಲೆಕ್ಕ ಹಾಕಿದನು. 1948ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ಅದೇ ದಾರಿಯಲ್ಲಿ ಮುಂದುವರಿದನು. 2017ರಲ್ಲಿ ‘ಟ್ರಾನ್ಸ್‌ಫಾರ್ಮರ್’ ಎಂಬ ರಚನೆ ಪ್ರಕಟವಾದ ಮೇಲೆ, ವಾಕ್ಯದಲ್ಲಿ ಎಷ್ಟೋ ಹಿಂದೆ ಬಂದ ಪದವನ್ನೂ ನೆನಪಿನಲ್ಲಿಟ್ಟುಕೊಂಡು ಊಹಿಸುವ ಶಕ್ತಿ ಯಂತ್ರಕ್ಕೆ ಲಭಿಸಿತು.

ಆದರೆ ಈ ಯಂತ್ರವು ಕೆಲವೊಮ್ಮೆ ಇಲ್ಲದ ಪುಸ್ತಕವನ್ನು ಇದೆ ಎನ್ನುತ್ತದೆ. ತಪ್ಪು ತಾರೀಖನ್ನು ಅಳುಕಿಲ್ಲದೆ ನುಡಿಯುತ್ತದೆ. ಕೆಟ್ಟ ಪುಸ್ತಕಗಳನ್ನು ಓದಿಸಿದ್ದರ ಫಲವೇ ಇದು? ಅಷ್ಟೇ ಅಲ್ಲವೆಂಬುದು ಈಚಿನ ಸಂಶೋಧನೆಯ ಉತ್ತರ.

ಕೇಳದ ಹಾಡಿನ ಲೆಕ್ಕ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುಗಳ ಗೂಢಲಿಪಿಯನ್ನು ಒಡೆಯುತ್ತಿದ್ದ ಇಂಗ್ಲೆಂಡಿನ ಆಲನ್ ಟ್ಯೂರಿಂಗ್ ಒಂದು ಉಪಾಯವನ್ನು ಕಂಡುಕೊಂಡನು. ಅವನ ಸಹೋದ್ಯೋಗಿ ಐ. ಜೆ. ಗುಡ್ 1953ರಲ್ಲಿ ಅದನ್ನು ಪ್ರಕಟಿಸಿದನು. ಅದನ್ನು ಹಾಡಿನ ದೃಷ್ಟಾಂತದಿಂದಲೇ ತಿಳಿಯಬಹುದು. ಸಂಗ್ರಾಹಕನೊಬ್ಬನು ಹಳ್ಳಿಹಳ್ಳಿ ತಿರುಗಿ ನೂರು ಸಲ ಹಾಡು ಕೇಳಿದನೆಂದು ಇಟ್ಟುಕೊಳ್ಳೋಣ. ಕೆಲವು ಹಾಡುಗಳು ಊರೂರಿನಲ್ಲೂ ಮತ್ತೆ ಮತ್ತೆ ಎದುರಾದವು. ಇಪ್ಪತ್ತು ಹಾಡುಗಳು ಮಾತ್ರ ಒಂದೊಂದೇ ಸಲ ಕೇಳಿಬಂದವು. ಹಾಗಾದರೆ ನೂರಾ ಒಂದನೆಯ ಸಲ ಕೇಳುವ ಹಾಡು ಹೊಚ್ಚ ಹೊಸದಾಗಿರುವ ಸಂಭವ ಸುಮಾರು ನೂರಕ್ಕೆ ಇಪ್ಪತ್ತು. ಒಂದೇ ಸಲ ಕೇಳಿದ್ದು, ಇನ್ನೂ ಕೇಳದಿರುವುದರ ಸುಳಿವು!

2023ರಲ್ಲಿ ಆಡಂ ಕಲಾಯ್ ಮತ್ತು ಸಂತೋಷ್ ವೆಂಪಾಲ ಎಂಬ ವಿದ್ವಾಂಸರು ಈ ಲೆಕ್ಕವನ್ನೇ ಭಾಷಾ ಮಾದರಿಗೆ ಅನ್ವಯಿಸಿದರು. ವ್ಯಾಕರಣಕ್ಕೆ ನಿಯಮವುಂಟು, ಅದನ್ನು ಕಲಿಯಬಹುದು. ಒಬ್ಬರ ಹುಟ್ಟಿದ ದಿನಕ್ಕೆ ಯಾವ ನಿಯಮ? ಓದಿ ನೆನಪಿಟ್ಟುಕೊಂಡರುಂಟು, ಇಲ್ಲದಿದ್ದರಿಲ್ಲ. ಇಂತಹ ಸಂಗತಿಗಳಲ್ಲಿ ಪಾಠದ ರಾಶಿಯೊಳಗೆ ಒಂದೇ ಸಲ ಬಂದವು ಎಷ್ಟು ಪಾಲೋ, ಮೊದಲ ಹಂತದ ತರಬೇತಿ ಪಡೆದ ಯಂತ್ರವು ಹೆಚ್ಚುಕಡಿಮೆ ಅಷ್ಟು ಪಾಲು ತಪ್ಪು ನುಡಿಯಲೇಬೇಕು ಎಂಬುದು ಅವರ ಸಿದ್ಧಾಂತದ ಸಾರ. ಪಾಠದಲ್ಲಿ ಒಂದು ಸುಳ್ಳೂ ಇಲ್ಲದಿದ್ದರೂ ಈ ತಪ್ಪು ತಪ್ಪದು.

ಹಾಗಾದರೆ ‘ನಾನರಿಯೆ’ ಎನ್ನಬಾರದೇ? 2025ರಲ್ಲಿ ಅವರು ಇನ್ನಿಬ್ಬರೊಡನೆ ಸೇರಿ ಬರೆದ ಪ್ರಬಂಧವು ಇದಕ್ಕೂ ಕಾರಣ ಹೇಳುತ್ತದೆ. ಪರೀಕ್ಷೆಯಲ್ಲಿ ಉತ್ತರ ಬಿಟ್ಟ ವಿದ್ಯಾರ್ಥಿಗೆ ಸೊನ್ನೆ. ಊಹಿಸಿ ಬರೆದವನಿಗೆ ಅದೃಷ್ಟವಿದ್ದರೆ ಅಂಕ. ಯಂತ್ರಗಳನ್ನು ಅಳೆಯುವ ಪರೀಕ್ಷೆಗಳಲ್ಲಿ ಹೆಚ್ಚಿನವು ಇದೇ ಬಗೆಯವು. ಆದುದರಿಂದ ಅರಿಯೆನೆನ್ನುವ ವಿನಯಕ್ಕೆ ಬೆಲೆ ಬರುವಂತೆ ಅಂಕ ಹಾಕುವ ಕ್ರಮವನ್ನೇ ತಿದ್ದಬೇಕೆಂದು ಆ ವಿದ್ವಾಂಸರು ಸೂಚಿಸುತ್ತಾರೆ.

ನಮಗೇನು?

ಮನೆಯ ಮಕ್ಕಳು ಪಾಠದ ಪ್ರಶ್ನೆಗಳನ್ನು ಯಂತ್ರಕ್ಕೆ ಒಪ್ಪಿಸುವ ಕಾಲವಿದು. ಬಸವಣ್ಣನವರ ಬಗೆಗೆ ಕೇಳಿದರೆ ಸಾವಿರ ಪುಟಗಳ ಆಧಾರ ಅದಕ್ಕುಂಟು. ತಮ್ಮೂರಿನ ಜಾತ್ರೆ ಯಾವ ತಿಥಿಗೆ, ಊರ ಕೆರೆಯನ್ನು ಕಟ್ಟಿಸಿದವರಾರು ಎಂದು ಕೇಳಿದರೆ? ಅದು ಎಲ್ಲಿಯೋ ಒಂದು ಪುಟದಲ್ಲಿ ಇದ್ದರೂ ಇದ್ದೀತು, ಇಲ್ಲದೆಯೂ ಹೋದೀತು. ಉತ್ತರದ ಧಾಟಿ ಮಾತ್ರ ಎರಡಕ್ಕೂ ಒಂದೇ! ಆದ್ದರಿಂದ ಎಲ್ಲರೂ ಬಲ್ಲ ವಿಷಯದಲ್ಲಿ ಯಂತ್ರವನ್ನು ಅಷ್ಟಿಷ್ಟು ನಂಬಬಹುದು; ಕೆಲವರೇ ಬಲ್ಲ ವಿಷಯದಲ್ಲಿ ಊರ ಹಿರಿಯರನ್ನೂ ಪುಸ್ತಕವನ್ನೂ ವಿಚಾರಿಸುವುದೇ ಜಾಣತನ. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದ ಬರಹ ಗಣಕಯಂತ್ರಕ್ಕೆ ದೊರಕಿರುವುದು ತೀರ ಕಡಿಮೆಯಾದುದರಿಂದ ಈ ಎಚ್ಚರ ಕನ್ನಡಿಗರಿಗೆ ಇನ್ನೂ ಅಗತ್ಯ.

ಹಲಸಂಗಿಯ ಗೆಳೆಯರು ಗಣಿತದ ಸೂತ್ರಕ್ಕಾಗಿ ಕಾಯಲಿಲ್ಲ. ಹಾಡುವ ಬಾಯಿ ಮುಚ್ಚಿದರೆ ಹಾಡೂ ಹೋಗುವುದೆಂದು ಅರಿತು ಬರೆದಿಟ್ಟರು. ಬರೆದಿಟ್ಟ ಹಾಡನ್ನು ಯಂತ್ರ ತಪ್ಪಾಗಿ ನುಡಿದರೆ, ಪುಸ್ತಕ ತೆರೆದು ತಿದ್ದಬಹುದು. ಬರೆಯದೆ ಹೋದ ಹಾಡು ತಪ್ಪಿದರೆ, ತಪ್ಪೆಂದು ಹೇಳುವವರಾದರೂ ಯಾರು?