ನೈಟ್‌ವಿಂಗನ ಹಗ್ಗ

ಅಮೆರಿಕದ ಚಿತ್ರಕಥಾ ಪುಸ್ತಕಗಳ ಡಿಕ್ ಗ್ರೇಸನ್ನನಿಗೆ ಅತಿಮಾನುಷ ಶಕ್ತಿ ಯಾವುದೂ ಇಲ್ಲ. ಇವನು ಸರ್ಕಸ್ಸಿನ ಹುಡುಗ. ದುಷ್ಟರು ಆಮ್ಲ ಹಚ್ಚಿದ ಉಯ್ಯಾಲೆಯ ಹಗ್ಗ ಹರಿದು ಇವನ ತಂದೆತಾಯಿ ಮಡಿದರು. 1940ರಲ್ಲಿ ಬ್ಯಾಟ್‌ಮ್ಯಾನನ ಕಿರಿಯ ಸಂಗಾತಿ ರಾಬಿನ್ನನಾಗಿ ಕಾಣಿಸಿಕೊಂಡವನು ಮುಂದೆ ಟೀನ್ ಟೈಟನ್ಸ್ ಎಂಬ ತರುಣರ ದಂಡಿಗೆ ನಾಯಕನಾದನು. 1984ರಲ್ಲಿ ನೈಟ್‌ವಿಂಗ್ ಎಂಬ ಹೆಸರನ್ನು ತಳೆದನು. ಹಾರಬಲ್ಲ ಗೆಳೆಯರ ನಡುವೆ ಇವನಿಗೆ ಹಗ್ಗವೇ ರೆಕ್ಕೆ. ಅದನ್ನು ನಂಬಬಹುದೆ?

ಬಿಗಿಯಾದ ಹಗ್ಗವನ್ನು ಹಿಡಿದು, ಅದನ್ನು ಕಟ್ಟಿದ ಎತ್ತರದಿಂದಲೇ ಅವನು ಜೀಕಿದನೆನ್ನೋಣ. ಅತ್ಯಂತ ಕೆಳಗಿನ ಬಿಂದುವಿನಲ್ಲಿ ಹಗ್ಗದ ಎಳೆತವು ದೇಹದ ತೂಕದ ಮೂರರಷ್ಟಾಗುತ್ತದೆ: ಒಂದು ಪಾಲು ತೂಕವನ್ನು ಹೊರುವುದಕ್ಕೆ, ಎರಡು ಪಾಲು ದೇಹವನ್ನು ವೃತ್ತದಲ್ಲಿ ತಿರುಗಿಸುವುದಕ್ಕೆ. ಹಗ್ಗ 5 ಮೀಟರಿರಲಿ, 50 ಮೀಟರಿರಲಿ, ಲೆಕ್ಕ ಒಂದೇ! 70 ಕಿಲೋಗ್ರಾಂ ತೂಕದವನ ಕೈಗಳು 210 ಕಿಲೋಗ್ರಾಂ ಭಾರವನ್ನು ತಾಳಬೇಕು. ನುರಿತ ಆಟಗಾರನಿಗೆ ಇದು ಅಸಾಧ್ಯವೆಂದು ನಾವು ಹೇಳೆವು.

ಆದರೆ ಚಿತ್ರಕಾರರು ಇಷ್ಟಕ್ಕೆ ತೃಪ್ತರಲ್ಲ. ನಾಯಕನನ್ನು ಮೊದಲು ಬೀಳಿಸಿ ಅನಂತರ ಹಗ್ಗವನ್ನು ಎಸೆಯಿಸುತ್ತಾರೆ. 20 ಮೀಟರು ಬಿದ್ದವನ ವೇಗ ಗಂಟೆಗೆ ಸುಮಾರು 70 ಕಿಲೋಮೀಟರು. ಹಗ್ಗವು ಅವನನ್ನು ಅರ್ಧ ಮೀಟರಿನೊಳಗೆ ತಡೆದರೆ ಎಳೆತವು ತೂಕದ 40 ಪಟ್ಟನ್ನು ಮೀರುತ್ತದೆ. ಯಾವ ಮುಷ್ಟಿ ಹಿಡಿದೀತು? ಅದೇ ಹಗ್ಗ ಹಿಗ್ಗುತ್ತ 5 ಮೀಟರಿನಲ್ಲಿ ನಿಲ್ಲಿಸಿದರೆ ಎಳೆತ ಸರಾಸರಿ 5 ಪಟ್ಟಷ್ಟೆ. ಸರ್ಕಸ್ಸಿನ ಬಲೆಯೂ ಜಗ್ಗುವುದರಿಂದಲೇ ಜೀವ ಉಳಿಸುತ್ತದೆ.