ಹೊತ್ತಿಗೆ ಮುನ್ನ ಬಾರಿಸಿದ ಗಂಟೆ

ಕಾಸರಗೋಡಿನಲ್ಲಿ ಸೂರ್ಯನು ನಡುನೆತ್ತಿಗೆ ಬರುವಾಗ ಗೋಡೆಯ ಗಡಿಯಾರವು ಸುಮಾರು ಹನ್ನೆರಡೂವರೆ ಗಂಟೆಯನ್ನು ತೋರಿಸುತ್ತಿರುತ್ತದೆ. ಭಾರತೀಯ ಪ್ರಮಾಣ ಸಮಯವನ್ನು 82½ ಡಿಗ್ರಿ ಪೂರ್ವ ರೇಖಾಂಶಕ್ಕೆ ಎಣಿಸಿರುವುದೂ ನಮ್ಮ ಊರು 75 ಡಿಗ್ರಿಯ ಆಸುಪಾಸಿನಲ್ಲಿರುವುದೂ ಇದಕ್ಕೆ ಕಾರಣ. ಡಿಗ್ರಿಯೊಂದಕ್ಕೆ 4 ನಿಮಿಷದಂತೆ ಅಂತರವು 30 ನಿಮಿಷವಾಗುತ್ತದೆ. ಮುಹೂರ್ತವಿಡುವ ಹಿರಿಯರು ಇದನ್ನು ಬಲ್ಲರು. ಬೇರೆ ಊರಿಗೆ ಗಣಿಸಿದ ಪಂಚಾಂಗವಾದರೆ ದೇಶಾಂತರ ಸಂಸ್ಕಾರವನ್ನು ಮಾಡಿಯೇ ಗಳಿಗೆಯನ್ನು ನಿಶ್ಚಯಿಸುತ್ತಾರೆ. ಅದನ್ನು ಮರೆತರೆ ಉಳಿದ ಗಣಿತವೆಲ್ಲ ಸರಿಯಿದ್ದರೂ ಮುಹೂರ್ತ ತಪ್ಪುತ್ತದೆ.

ಇಂಥದೇ ಪ್ರಮಾದವೊಂದು 2012ರಲ್ಲಿ ಗಣಕಯಂತ್ರಗಳಿಗೆ ಒದಗಿತು.

ಯಂತ್ರದ ಸಕಲ ವ್ಯವಹಾರಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. ‘ಇಂತಿಷ್ಟು ಹೊತ್ತಿಗೆ ಎಬ್ಬಿಸು’ ಎಂದು ಅದಕ್ಕೆ ಹೇಳಿ ಇತರ ತಂತ್ರಾಂಶಗಳು ವಿಶ್ರಮಿಸುತ್ತವೆ. ಹೀಗೆ ಎಬ್ಬಿಸುವ ಏರ್ಪಾಡೇ ಟೈಮರ್. ಲಿನಕ್ಸ್ ಎಂಬ ಕರ್ನೆಲಿನಲ್ಲಿ ಎರಡು ಗಡಿಯಾರಗಳಿವೆ. ಒಂದು, ಯಂತ್ರವನ್ನು ಚಾಲೂ ಮಾಡಿದಂದಿನಿಂದ ಎಂದೂ ಹಿಂದೆ ಸರಿಯದೆ ಎಣಿಸುತ್ತಾ ಹೋಗುವಂಥದು. ಇನ್ನೊಂದು, ಲೋಕವ್ಯವಹಾರದ ಸಮಯವನ್ನು ಹೇಳುವಂಥದು. ಇವೆರಡರ ಅಂತರವನ್ನು ಟೈಮರ್ ವಿಭಾಗವು ತನ್ನಲ್ಲಿ ಬರೆದಿಟ್ಟುಕೊಂಡು ಲೆಕ್ಕಹಾಕುತ್ತಿತ್ತು.

ಭೂಮಿಯ ತಿರುಗುವಿಕೆ ಪರಮಾಣು ಗಡಿಯಾರದಷ್ಟು ಕರಾರುವಾಕ್ಕಾದುದಲ್ಲ. ಎರಡನ್ನೂ ಹೊಂದಿಸಲು 1972ರಿಂದ 2016ರವರೆಗೆ 27 ಬಾರಿ ಲೋಕಸಮಯಕ್ಕೆ ಒಂದೊಂದು ಅಧಿಕ ಸೆಕೆಂಡನ್ನು ಸೇರಿಸಲಾಯಿತು. ಅಧಿಕಮಾಸದ ತೀರ ಚಿಕ್ಕ ತಮ್ಮನೆನ್ನಬಹುದು. 2012ರ ಜುಲೈ 1ರಂದು ನಮ್ಮಲ್ಲಿ ಬೆಳಗ್ಗೆ ಐದೂವರೆಯಾಗುವ ಹೊತ್ತಿಗೆ ಅಂಥದೊಂದು ಸೆಕೆಂಡು ಸೇರಿತು. ಲೋಕಸಮಯದ ಗಡಿಯಾರವು ವಿಧೇಯವಾಗಿ ಒಂದು ಸೆಕೆಂಡು ಹಿಂದೆ ಸರಿಯಿತು. ಆದರೆ ಆ ಸುದ್ದಿ ಟೈಮರ್ ವಿಭಾಗಕ್ಕೆ ಮುಟ್ಟಲಿಲ್ಲ. ಅಲ್ಲಿ ಹಳೆಯ ಅಂತರವೇ ಉಳಿಯಿತು.

ಪರಿಣಾಮವಾಗಿ ಲೋಕಸಮಯವನ್ನು ನಂಬಿದ ಟೈಮರುಗಳೆಲ್ಲ ಒಂದು ಸೆಕೆಂಡು ಮುಂಚಿತವಾಗಿ ಎಬ್ಬಿಸತೊಡಗಿದವು. ಅರ್ಧ ಸೆಕೆಂಡಿನ ಅನಂತರ ಎಬ್ಬಿಸೆಂದರೆ ಆ ಕ್ಷಣವೇ ಎಬ್ಬಿಸುತ್ತಿದ್ದವು. ಎದ್ದ ತಂತ್ರಾಂಶವು ‘ಇನ್ನೂ ಹೊತ್ತಾಗಿಲ್ಲ’ವೆಂದು ಪುನಃ ಮಲಗುವುದು, ಪುನಃ ಏಳುವುದು — ಹೀಗೆ ಬಿಡುವಿಲ್ಲದೆ ಯಂತ್ರಗಳು ದಣಿದವು. ರೆಡಿಟ್ ಜಾಲತಾಣವು ಸ್ಥಗಿತವಾಯಿತು. ಆಸ್ಟ್ರೇಲಿಯದ ಕ್ವಾಂಟಸ್ ವಿಮಾನಗಳ ಪ್ರಯಾಣಿಕರು ನಿಲ್ದಾಣಗಳಲ್ಲಿ ಕಾಯಬೇಕಾಯಿತು.

ಗಡಿಯಾರವನ್ನು ನೋಡಿದರೆ ಸಮಯ ಸರಿಯಾಗಿಯೇ ಇತ್ತು! ದೋಷವನ್ನು ಹುಡುಕುವವರಿಗೆ ಇದೇ ತೊಡಕು. ಆದರೆ ಅದೇ ಸಮಯವನ್ನು ಇನ್ನೊಮ್ಮೆ ಕೈಯಾರೆ ನಮೂದಿಸಿದೊಡನೆ ರೋಗ ವಾಸಿಯಾಗುತ್ತಿತ್ತು. ಹಾಗೆ ನಮೂದಿಸಿದಾಗ ಟೈಮರ್ ವಿಭಾಗಕ್ಕೂ ಸೂಚನೆ ಹೋಗುತ್ತದೆ. ಹಾಗಾದರೆ ಅಧಿಕ ಸೆಕೆಂಡಿನ ವೇಳೆ ಹೋಗದಿದ್ದುದು ಆ ಸೂಚನೆಯೇ ಎಂದಾಯಿತು. ಜಾನ್ ಸ್ಟುಲ್ಟ್ಸ್ ಮೊದಲಾದ ತಜ್ಞರು ಆ ಸೂಚನೆ ತಪ್ಪದಂತೆ ಮಾಡಿದುದಲ್ಲದೆ, ಟೈಮರ್ ವಿಭಾಗವು ಪ್ರತಿ ಸಲವೂ ಅಂತರವನ್ನು ಹೊಸದಾಗಿ ಕೇಳಿಕೊಳ್ಳುವಂತೆ ತಿದ್ದಿದರು.

ಅಧಿಕ ಸೆಕೆಂಡಿನ ಈ ಪದ್ಧತಿಯನ್ನು 2035ರೊಳಗೆ ಕೈಬಿಡಬೇಕೆಂದು ಅಳತೆ–ತೂಕಗಳ ಅಂತರರಾಷ್ಟ್ರೀಯ ಮಹಾಸಭೆಯು 2022ರಲ್ಲಿ ನಿರ್ಣಯಿಸಿದೆ. ಗಣಕಶಾಸ್ತ್ರವನ್ನು ಕಲಿಯುತ್ತಿರುವ ನಮ್ಮ ಮಕ್ಕಳಿಗೆ ಇದರ ಪಾಠ ಮಾತ್ರ ಹಳತಾಗದು: ನಕಲು ಮಾಡಿಟ್ಟುಕೊಂಡ ಲೆಕ್ಕವನ್ನು ಮೂಲದೊಡನೆ ಆಗಾಗ ತಾಳೆ ನೋಡುತ್ತಿರಬೇಕು.