ಕಾಫಿ ವ್ಯಾಪಾರ: ಮಂಡಳಿಯ ಹತೋಟಿಯಿಂದ ಮುಕ್ತ ಮಾರುಕಟ್ಟೆಗೆ

ಸರ್ಕಾರವು ತನ್ನ ಹತೋಟಿಯಲ್ಲಿರಿಸಿಕೊಂಡ ಕಚ್ಚಾ ಸಾಮಗ್ರಿಯ ವ್ಯಾಪಾರವನ್ನು ಖಾಸಗಿಯವರಿಗೆ ಮರಳಿ ಒಪ್ಪಿಸಿದರೆ ಲಾಭ ಯಾರಿಗೆ, ಹೊಣೆ ಯಾರಿಗೆ ಎಂಬ ಪ್ರಶ್ನೆ ವಾಣಿಜ್ಯ ವಲಯದಲ್ಲಿ ಆಗಾಗ ಚರ್ಚೆಗೆ ಬರುತ್ತದೆ. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಬೆಳೆಯುವ ಕರ್ನಾಟಕದ ಅನುಭವವೇ ಸಾಕು.

ಹತೋಟಿಯ ಕಾಲ

ಎರಡನೆಯ ಮಹಾಯುದ್ಧದಿಂದಾಗಿ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ ಬೆಳೆಗಾರರ ರಕ್ಷಣೆಗೆಂದು ಪೂಲಿಂಗ್ ಪದ್ಧತಿ ಜಾರಿಗೆ ಬಂದಿತು. 1942ರ ಕಾಯ್ದೆ ಅದಕ್ಕೆ ಭದ್ರ ನೆಲೆ ಒದಗಿಸಿತು. ಮನೆಬಳಕೆ ಹಾಗೂ ಬಿತ್ತನೆಗೆ ಅನುಮತಿಸಿದಷ್ಟನ್ನು ಉಳಿಸಿಕೊಂಡು ಮಿಕ್ಕ ಫಸಲನ್ನೆಲ್ಲ ಬೆಳೆಗಾರರು ಕಾಫಿ ಮಂಡಳಿಗೇ ಒಪ್ಪಿಸಬೇಕಾಗಿತ್ತು. ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಂಸ್ಕರಣೆಗೊಂಡ ಕಾಫಿಯನ್ನು ಮಂಡಳಿಯು ರಫ್ತಿಗೂ ದೇಶೀಯ ಬಳಕೆಗೂ ಪ್ರತ್ಯೇಕವಾಗಿ ಹರಾಜು ಹಾಕುತ್ತಿತ್ತು. ಮಾರಾಟದ ಹಣವನ್ನು ಒಟ್ಟುಗೂಡಿಸಿ, ಬಗೆ ಮತ್ತು ದರ್ಜೆಗೆ ತಕ್ಕಂತೆ ಕಂತುಗಳಲ್ಲಿ ಹಂಚುತ್ತಿತ್ತು. ಬೆಲೆಯ ಏರಿಳಿತದಿಂದ ಒಂದಿಷ್ಟು ರಕ್ಷಣೆ ದೊರೆತದ್ದು ನಿಜ. ಆದರೆ ಕೊನೆಯ ಕಂತು ಕೈಸೇರುವುದು ಬಹಳ ತಡವಾಗುತ್ತಿತ್ತು. ಉತ್ತಮ ಕಾಫಿ ಬೆಳೆದವರಿಗೆ ತಮ್ಮ ತೋಟದ ಹೆಸರಿನಲ್ಲಿ ಮಾರಿ ಹೆಚ್ಚಿನ ಬೆಲೆ ಪಡೆಯುವ ಅವಕಾಶವೂ ಇರಲಿಲ್ಲ.

ಹಂತಹಂತದ ಬಿಡುಗಡೆ

1989ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಕುಸಿಯಿತು. 1991ರಲ್ಲಿ ನಮ್ಮ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ವಿಘಟನೆಗೊಂಡಿತು. ಹಳೆಯ ಏರ್ಪಾಡು ಮುಂದುವರಿಯುವುದು ಕಷ್ಟವಾಯಿತು. 1992ರಲ್ಲಿ ಫಸಲಿನ ಶೇ. 30ರಷ್ಟನ್ನು ದೇಶದೊಳಗೆ ನೇರವಾಗಿ ಮಾರಲು ಅನುಮತಿ ದೊರೆಯಿತು, 1993ರಲ್ಲಿ ಶೇ. 50ರಷ್ಟಕ್ಕೆ ಮುಕ್ತ ಮಾರಾಟ ಕೋಟಾ ಬಂದಿತು. 1996ರಲ್ಲಿ ಪೂಲಿಂಗ್ ಕೊನೆಗೊಂಡಿತು. ಈ ನಡುವೆ, 1994ರಲ್ಲಿ ಬ್ರೆಜಿಲ್‌ನ ತೋಟಗಳು ಕೊರೆಯುವ ಚಳಿಗೆ ಸುಟ್ಟು ವಿಶ್ವದ ಬೆಲೆ ಏರಿದಾಗ, ಅದರ ಫಲ ನಮ್ಮ ಬೆಳೆಗಾರರಿಗೆ ನೇರವಾಗಿ ತಲುಪಿತು.

ಲಾಭದೊಡನೆ ಹೊಣೆ

ಬೆಲೆ ಇಳಿದಾಗಲೂ ಮಾರುಕಟ್ಟೆ ಅಷ್ಟೇ ನೇರವಾಗಿ ತಟ್ಟುತ್ತದೆ. 2001ರ ವೇಳೆಗೆ ವಿಶ್ವದ ಬೆಲೆ ಪಾತಾಳಕ್ಕಿಳಿದಾಗ ನಷ್ಟವನ್ನು ಹಂಚಿಕೊಳ್ಳಲು ಪೂಲ್ ಇರಲಿಲ್ಲ. ಸಾಲ ಮಾಡಿ ತೋಟ ನಡೆಸುತ್ತಿದ್ದ ಸಣ್ಣ ಬೆಳೆಗಾರರು ತತ್ತರಿಸಿದರು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 4 ಡಾಲರ್ ದಾಟಿದಾಗ ಪೆಟ್ಟು ಬಿದ್ದದ್ದು ಬೀಜ ಹುರಿದು ಪುಡಿ ಮಾಡುವ ಸಣ್ಣ ಉದ್ಯಮಿಗಳಿಗೆ. ಮೊದಲಿನಷ್ಟೇ ಚೀಲ ಕೊಳ್ಳಲು ಹೆಚ್ಚಿನ ದುಡಿಯುವ ಬಂಡವಾಳ ಬೇಕು. ಪುಡಿಯ ಬೆಲೆಯನ್ನು ಅದೇ ವೇಗದಲ್ಲಿ ಏರಿಸಿದರೆ ಗಿರಾಕಿ ಕೈಬಿಡುತ್ತಾನೆ, ಚಿಕೋರಿಯ ಪಾಲು ಹೆಚ್ಚಿಸಿದರೆ ಅಂಗಡಿಯ ಹೆಸರು ಕೆಡುತ್ತದೆ.

ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ಬಿಡುಗಡೆ ಹಂತಹಂತವಾಗಿ ನಡೆದದ್ದರಿಂದ ವ್ಯಾಪಾರಿಗಳಿಗೂ ಬೆಳೆಗಾರರಿಗೂ ಹೊಸ ರೀತಿಗೆ ಹೊಂದಿಕೊಳ್ಳಲು ಕಾಲಾವಕಾಶ ದೊರೆಯಿತು. ಎರಡನೆಯದಾಗಿ, ಸರ್ಕಾರವು ಖರೀದಿ-ಮಾರಾಟದಿಂದ ಹಿಂದೆ ಸರಿದರೂ ಕಾಫಿ ಮಂಡಳಿಯು ಉಳಿಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಸಂಶೋಧನೆ, ಗುಣಮಟ್ಟದ ಪರೀಕ್ಷೆ, ಮಾರುಕಟ್ಟೆ ಮಾಹಿತಿ ಮುಂತಾದ ಕಾರ್ಯಗಳು ಮುಂದುವರಿದಿವೆ. ಬಿಡಿ ವ್ಯಾಪಾರಿಯೊಬ್ಬನಿಂದ ಇವು ಸಾಧ್ಯವಾಗುವಂಥವಲ್ಲ. ಮೂರನೆಯದಾಗಿ, ತೂಕ, ತೇವಾಂಶ ಮತ್ತು ಔಟ್‌ಟರ್ನ್ ಅಳೆಯುವ ಹೊಣೆ ಇಂದು ಬಹುಮಟ್ಟಿಗೆ ಕೊಳ್ಳುವ ವ್ಯಾಪಾರಿಯದೇ ಆಗಿದೆ. ಅಲ್ಲಿ ಬೆಳೆಗಾರನಿಗೆ ಅನುಮಾನ ಮೂಡಿದರೆ ಹತೋಟಿ ಮರಳಿ ಬರಲಿ ಎಂಬ ಕೂಗು ಏಳುವುದು ಸಹಜ.

ಆದುದರಿಂದ ಮುಕ್ತ ವ್ಯಾಪಾರವನ್ನು ಬಯಸುವ ವರ್ತಕರು ಔಟ್‌ಟರ್ನ್ ಪರೀಕ್ಷೆಯನ್ನು ಮಾರುವವನ ಎದುರಿಗೇ ನಡೆಸುವುದು, ದರ ಮತ್ತು ಪಾವತಿಯ ದಿನಾಂಕವನ್ನು ಲಿಖಿತವಾಗಿ ನೀಡುವುದು ಅಗತ್ಯ. ಸಣ್ಣ ಉದ್ಯಮಿಗಳು ಒಟ್ಟಾಗಿ ಖರೀದಿಸಿ ದಾಸ್ತಾನಿಡುವ ಮಾರ್ಗವನ್ನೂ ಪರಿಶೀಲಿಸಬಹುದು. ಸರ್ಕಾರ ಬಿಟ್ಟುಕೊಟ್ಟ ವ್ಯಾಪಾರವನ್ನು ಉಳಿಸಿಕೊಳ್ಳುವುದು ವರ್ತಕರ ನಡವಳಿಕೆಯನ್ನೇ ಅವಲಂಬಿಸಿದೆ.